ಬುತ್ತಿ ಕೊಡಲು ಹೋದವಳು

ನಮ್ಮ ಹುಬ್ಬಳ್ಳಿಯನ್ನು ನೋಡಲೆಂದೇ ಬಂದವರನ್ನು ನಾನು ಕಂಡಿಲ್ಲ. ಬರುವವರು ಹತ್ತಿ, ಮೆಣಸಿನಕಾಯಿ, ಬಟ್ಟೆ ಎಂದು ವ್ಯಾಪಾರಕ್ಕೆ ಬರುತ್ತಿದ್ದರು. ಇಲ್ಲವೇ ಇಲ್ಲಿಳಿದು ಇನ್ನೊಂದು ಗಾಡಿ ಹತ್ತಲು ಬರುತ್ತಿದ್ದರು. ಬೆಂಗಳೂರಿನಿಂದ ಮಿರಜಕ್ಕೆ, ಗದಗಿನಿಂದ ಗೋವಾಕ್ಕೆ, ಯಾರು ಎಲ್ಲಿಗೆ ಹೊರಟರೂ ನಮ್ಮೂರನ್ನು ದಾಟಿಯೇ ಹೋಗಬೇಕು. ಹೀಗಾಗಿ ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ನೆಂಟರು ರೈಲಿನಲ್ಲಿ ಹಾದುಹೋಗುವ ಸುದ್ದಿ ಬಂದರೆ ಚಪಾತಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಸ್ಟೇಷನ್ನಿಗೆ ಓಡುವುದು, ಬೋಗಿ ಹುಡುಕಿ ಕಿಟಕಿಯಿಂದ ಬುತ್ತಿ ಕೊಡುವುದು. ಗಾಡಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ನಿಜ ಹೇಳಬೇಕೆಂದರೆ ಬುತ್ತಿ ಬರೀ ನೆಪ. ಕೊಟ್ಟು ಬಂದವರು ಅವ್ವನಿಗೆ ಮುಖಗಳ ವರದಿ ಒಪ್ಪಿಸಬೇಕಿತ್ತು. ಯಾರು ಸೊರಗಿದ್ದಾರೆ, ಯಾರು ಬಸುರಿ, ಯಾರು ಗಂಡನ ಪಕ್ಕ ಕೂತಿಲ್ಲ. ಈ ಕೆಲಸದಲ್ಲಿ ನನ್ನದು ಎತ್ತಿದ ಕೈ.

ಅಕ್ಕನನ್ನು ಮಿರಜಕ್ಕೆ ಕೊಟ್ಟಿದ್ದರು. ಒಂದು ವರ್ಷದಿಂದ ತವರಿಗೆ ಕಳಿಸಿರಲಿಲ್ಲ, ಕಾಗದಗಳೂ ಎರಡು ಸಾಲಿಗಿಳಿದಿದ್ದವು. ಗಂಡ, ಅತ್ತೆಯ ಜೊತೆ ಬೆಂಗಳೂರಿನ ಮದುವೆಗೆ ಹೋದವಳು ಮಧ್ಯಾಹ್ನದ ಗಾಡಿಗೆ ವಾಪಸು ಹೋಗುತ್ತಾಳೆಂದು ತಿಳಿಯಿತು. ಅವ್ವ ನನ್ನ ಕೈಗೆ ಬುತ್ತಿ ಕೊಟ್ಟು ಹೇಳಿದಳು: "ಮಾರಿ ಸರಿಯಾಗಿ ನೋಡು. ಏನರ ಅನಿಸಿದ್ರ, ಅವ್ವಗ ಆರಾಮಿಲ್ಲ, ನಾಕ ದಿನ ಇದ್ದು ಹೋಗಬೇಕಂತ ಅಂತ ಹೇಳಿ ಇಳಿಸ್ಕೊಂಡ ಬಂದಬಿಡು. ಮುಂದಿಂದು ನಾ ನೋಡ್ಕೋತೀನಿ."

ಮರುದಿನ ನನ್ನನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದರು. ಹುಡುಗ ನ್ಯೂಜೆರ್ಸಿಯಲ್ಲಿದ್ದ, ಮೂರು ವಾರದ ರಜೆಗೆ ಬಂದಿದ್ದ. ಗಂಡನ ಮನೆ ಬಿಟ್ಟು ಬಂದ ಅಕ್ಕ ಒಳಗೆ ಕೂತಿದ್ದರೆ ಅವರು ಬಾಗಿಲಿಂದಲೇ ತಿರುಗುತ್ತಾರೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಕ್ಕ ಕಿಟಕಿಯ ಬದಿಗಿದ್ದಳು. ಪಕ್ಕದಲ್ಲಿ ಅತ್ತೆ. ಗಂಡ ಚಹಾ ಕುಡಿಯಲು ಇಳಿದಿದ್ದ. ಅಂಥ ಬಿಸಿಲಲ್ಲಿ ಅವಳು ಮುಂಗೈ ತನಕ ತೋಳಿನ ಕುಪ್ಪಸ ಹಾಕಿದ್ದಳು. ಬುತ್ತಿಯನ್ನು ಎಡಗೈಯಲ್ಲಿ ತೆಗೆದುಕೊಂಡಳು. ಬಲಗೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ.

"ಅವ್ವ ಆರಾಮ ಇದ್ದಾಳಲ್ಲ?" ಎಂದಳು.

"ಆರಾಮ ಇದ್ದಾಳ."

ನನ್ನನ್ನೇ ನೋಡಿ ಮತ್ತೆ ಕೇಳಿದಳು. "ಖರೇನ ಆರಾಮ ಇದ್ದಾಳ?"

"ಹೂಂ ಅಕ್ಕ, ಭಾಳ ಆರಾಮ ಇದ್ದಾಳ."

ನನಗಿಂತ ಮೊದಲು ಬುತ್ತಿ ಕೊಡುವ ಕೆಲಸ ಅವಳದೇ ಆಗಿತ್ತು. ಯಾವ ಉತ್ತರ ಕೊಟ್ಟರೆ ಕಿಟಕಿಯೊಳಗಿನ ಹೆಣ್ಣು ಕೆಳಗಿಳಿಯಬಹುದೆಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದೂ ಗೊತ್ತಿತ್ತು. ಮನೆಗೆ ಬಂದು ಅವ್ವನಿಗೆ "ಛಲೋ ಅದಾಳ, ಮೈ ತುಂಬ್ಯಾಳ" ಎಂದೆ. ಮರುದಿನದವರು ಬಂದರು, ಒಪ್ಪಿದರು. ನಾನು ವೀಸಾಕ್ಕೆ ಕಾಯುತ್ತಿದ್ದಾಗ ಮಿರಜದಿಂದ ಫೋನ್ ಬಂತು, ಸ್ಟೋವ್ ಸಿಡಿಯಿತು ಎಂದು. ಆಗೆಲ್ಲ ಸೊಸೆಯರ ಕೈಯಲ್ಲಿ ಮಾತ್ರ ಸ್ಟೋವ್‌ಗಳು ಸಿಡಿಯುತ್ತಿದ್ದವು.

ಇದಾಗಿ ಮೂವತ್ತು ವರ್ಷ ಕಳೆದಿದೆ. ಪ್ರಿನ್ಸ್‌ಟನ್ ಹತ್ತಿರ ಮನೆ, ಔಷಧ ಕಂಪನಿಯ ಲ್ಯಾಬಿನಲ್ಲಿ ನನ್ನ ಕೆಲಸ. ಇಲ್ಲಿನ ರೈಲುಗಳಲ್ಲಿ ಕಿಟಕಿ ತೆರೆಯುವುದಿಲ್ಲ. ಆದರೂ ಗಾಜಿನ ಹಿಂದೆ ಅಕ್ಕ ಕೂತಿರುತ್ತಾಳೆ. ಮೊದಲ ಸಲ ಕಂಡಾಗ ಕೂಗಿಕೊಂಡು ಪ್ಲಾಟ್‌ಫಾರ್ಮಿನ ತುದಿಯವರೆಗೂ ಓಡಿದ್ದೆ, ಪೊಲೀಸರು ಬಂದು ನೀರು ಕುಡಿಸಿದರು. ಈಗ ಓಡುವುದಿಲ್ಲ. ನನ್ನ ತಲೆ ನೆರೆತಿದೆ, ಅವಳಿಗೆ ಇಪ್ಪತ್ತಾರು ದಾಟಿಲ್ಲ. ತುಟಿ ಅಲ್ಲಾಡುತ್ತದೆ, ದನಿ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ.

ಇಷ್ಟಾದರೂ ನನಗೆ ಬುದ್ಧಿ ಬಂದಿಲ್ಲ. ಕಳೆದ ವರ್ಷ ಮಗಳ ಮದುವೆಯಾಯಿತು. ಟ್ರೆಂಟನ್‌ನಲ್ಲಿ ರೈಲು ಹತ್ತಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗಿಬರುತ್ತಾಳೆ. ನಮ್ಮ ಸ್ಟೇಷನ್ ನಡುವೆ ಸಿಗುತ್ತದೆ. ಪ್ರತಿ ಗುರುವಾರ ಬೆಳಿಗ್ಗೆ ನಾನು ಬುತ್ತಿ ಹಿಡಿದು ನಿಲ್ಲುತ್ತೇನೆ. ಬಾಗಿಲು ತೆರೆದಿರುವುದು ಅರ್ಧ ನಿಮಿಷ. ಅವಳು ಮೂರನೇ ಬೋಗಿಯ ಬಾಗಿಲಿಗೆ ಬಂದು, "ಅಮ್ಮಾ, ದಿಸ್ ಈಸ್ ಸೋ ಎಂಬರಾಸಿಂಗ್" ಎನ್ನುತ್ತ ಡಬ್ಬಿ ಇಸಿದುಕೊಳ್ಳುತ್ತಾಳೆ. ನಾನು ಮುಖ ನೋಡಿಕೊಳ್ಳುತ್ತೇನೆ. ಅಳಿಯ ಒಳ್ಳೆಯ ಹುಡುಗ. ಮಿರಜದವನೂ ನೋಡಲು ಒಳ್ಳೆಯವನೇ ಇದ್ದ.

ಮೊನ್ನೆ ಮಾರ್ಚಿನಲ್ಲಿ ಬಾಗಿಲು ತೆರೆದಾಗ ಅವಳು ನಿದ್ದೆಗೆಟ್ಟವಳಂತಿದ್ದಳು. ಎಡಗೈ ಚಾಚಿದಳು. ಬಲಗೈ ಕೋಟಿನೊಳಗಿತ್ತು. ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು: "ನನಗ ಆರಾಮಿಲ್ಲ. ಇಳಿ. ಈಗಿಂದೀಗ ಇಳಿ."

ಅವಳು ಜಿಗಿದಳು. ಬಾಗಿಲು ಮುಚ್ಚಿತು, ರೈಲು ಹೋಯಿತು. "ವಾಟ್ ಹ್ಯಾಪನ್ಡ್? ಚೆಸ್ಟ್ ಪೇನಾ?" ಎಂದು ನನ್ನ ಭುಜ ಹಿಡಿದಳು, ಎರಡೂ ಕೈಯಿಂದ. ನಾನು ಅವಳ ಬಲಗೈ ತೋಳನ್ನು ಮೊಣಕೈವರೆಗೆ ಸರಿಸಿ ನೋಡಿದೆ. ಏನೂ ಇರಲಿಲ್ಲ. ಆ ಕೈಯಲ್ಲಿ ಫೋನ್ ಇತ್ತು, ಅಷ್ಟೇ.

ಹತ್ತು ಗಂಟೆಗೆ ಅವಳಿಗೆ ಪ್ರೆಸೆಂಟೇಶನ್ ಇತ್ತಂತೆ, ಅದಕ್ಕೇ ನಿದ್ದೆಯಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ ಹೇಳಿದೆ. ದೊಡ್ಡಮ್ಮ ಸ್ಟೋವ್ ಸಿಡಿದು ಸತ್ತಳೆಂದಷ್ಟೇ ಅವಳಿಗೆ ಗೊತ್ತಿದ್ದದ್ದು. ಕಿಟಕಿ, ಕುಪ್ಪಸದ ತೋಳು, ಎರಡು ಸಲ ಕೇಳಿದ ಪ್ರಶ್ನೆ, ಒಂದನ್ನೂ ಬಿಡದೆ ಹೇಳಿದೆ.

"ಅಜ್ಜಿಗೆ ಗೊತ್ತಿತ್ತಾ?"

"ಇಲ್ಲ. ಸಾಯೋತನಕ ನನ್ನ ಮಾತು ನಂಬಿದ್ಲು."

ಆಮೇಲೆ ಮೆಲ್ಲಗೆ, "ನೆಕ್ಸ್ಟ್ ಡೇ ನಿನ್ನ ನೋಡೋಕೆ ಬಂದಿದ್ದು... ದಟ್ ವಾಸ್ ಡ್ಯಾಡ್?" ಎಂದಳು.

"ಹೂಂ."

"ದೊಡ್ಡಮ್ಮ ಇಳಿದಿದ್ರೆ ನಾನು ಇರ್ತಿರ್ಲಿಲ್ಲ."

ಇದು ನನಗೆ ಹೊಸ ಮಾತಲ್ಲ. ಇವಳು ಹುಟ್ಟಿದ ದಿನ ನರ್ಸ್ ತಂದು ಎದೆಯ ಮೇಲೆ ಮಲಗಿಸಿದಾಗಲೇ ನನಗೆ ಹೊಳೆದಿತ್ತು. ಆ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಮತ್ತೆ ನಿಲ್ಲಿಸಿದರೆ, ಅಕ್ಕ ಮತ್ತೆ ಎರಡು ಸಲ ಕೇಳಿದರೆ, ನಾನು ಮತ್ತೆ ಎರಡು ಸಲವೂ ಅವ್ವ ಆರಾಮ ಇದ್ದಾಳೆಂದೇ ಹೇಳುತ್ತೇನೆ. ಇದನ್ನು ಮಗಳಿಗೆ ಹೇಳಲಿಲ್ಲ. ಆದರೆ ಅಕ್ಕನಿಗೆ ಗೊತ್ತಿದೆ. ಅದಕ್ಕೇ ಅವಳು ನನ್ನನ್ನು ಬಿಟ್ಟು ಹೋಗುವುದಿಲ್ಲ.