ಊಟ ಆಯ್ತಾ ಸಾರ್, ಓವರ್

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಬಾಯಿ ತೆರೆದರೆ ನನಗೆ ರೇಗುತ್ತಿತ್ತು. ಪೊಲೀಸ್ ಕೆಲಸ ಮಾಡಿದವನಿಗೆ ಸಾಕ್ಷಿ ಬೇಕು, ಪಂಚನಾಮೆ ಬೇಕು. ಅಂಥ ನಾನೇ ಈಗ ನಿವೃತ್ತನಾಗಿ ಕೂತು ಇದನ್ನು ಬರೆಯುತ್ತಿದ್ದೇನೆ ಎನ್ನುವುದು ನನಗೇ ಕಿರಿಕಿರಿ. ನೀವು ನಂಬಲೇಬೇಕೆಂಬ ಒತ್ತಾಯವೇನೂ ಇಲ್ಲ. ಹೇಳದೆ ಇಟ್ಟುಕೊಂಡು ಸಾಕಾಗಿದೆ, ಅದಕ್ಕೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ಸೀಮೆಯ ಒಂದು ಸಣ್ಣ ಠಾಣೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಹೋದೆ. ನಾನು ಬಯಲುಸೀಮೆಯವನು, ಅದು ನನ್ನ ಮೊದಲ ಠಾಣೆ, ತರಬೇತಿಯಲ್ಲಿ ಕಲಿತ ಶಿಸ್ತಿನ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಅಲ್ಲಿ ನನ್ನ ತಾಳ್ಮೆ ಪರೀಕ್ಷಿಸಲೆಂದೇ ಇದ್ದಂತಿದ್ದವರು ದಫೇದಾರ್ ತಿಮ್ಮಪ್ಪ. ನಿವೃತ್ತಿಗೆ ಎಂಟೇ ತಿಂಗಳು ಉಳಿದಿತ್ತು. ಅವರ ಸೇವಾ ಪುಸ್ತಕದಲ್ಲಿ ಶಿಕ್ಷೆ, ಎಚ್ಚರಿಕೆ ಎಂದು ಕೆಂಪು ಶಾಯಿಯ ಒಂದು ಸಾಲೂ ಇರಲಿಲ್ಲ. ಬೆಟ್ಟದ ಮೇಲಿನ ಹೊರಠಾಣೆಯಲ್ಲಿ ಅವರೊಬ್ಬರದೇ ಕಾರುಬಾರು, ಜೊತೆಗೊಂದು ವಾಕಿಟಾಕಿ.

ವೈರ್‌ಲೆಸ್‌ನಲ್ಲಿ ಮಾತಾಡಲು ಒಂದು ಕ್ರಮವಿದೆ. ವಿಷಯ ಹೇಳಬೇಕು, 'ಓವರ್' ಎನ್ನಬೇಕು, ಬಾಯಿ ಮುಚ್ಚಬೇಕು. ತಿಮ್ಮಪ್ಪ ಮಾತ್ರ ಮಧ್ಯಾಹ್ನದ ವರದಿ ಮುಗಿಸಿ, ಸಾವಕಾಶವಾಗಿ, 'ಊಟ ಆಯ್ತಾ ಸಾರ್, ಓವರ್' ಎನ್ನುವರು. ದಿನವೂ ಇದೇ. ಜಿಲ್ಲೆಯ ಸೆಟ್ಟುಗಳಲ್ಲೆಲ್ಲ ಅದು ಕೇಳುತ್ತಿತ್ತು. ಎರಡು ಸಲ ಕರೆದು ಹೇಳಿದೆ. 'ಆಯ್ತು ಸಾರ್' ಎಂದರು. ಮರುದಿನ ಮತ್ತೆ ಊಟದ ವಿಚಾರಣೆ. ಕೊನೆಗೆ ಚಿಕ್ಕಮಗಳೂರಿನ ಮೀಟಿಂಗಿನಲ್ಲಿ ನಮ್ಮ ಸರ್ಕಲ್ ಸಾಹೇಬರು ನನ್ನನ್ನು ನೋಡಿ, 'ಏನ್ರೀ, ಊಟ ಆಯ್ತಾ?' ಎಂದಾಗ ಇಡೀ ಸಭೆ ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸು ಬಂದವನೇ ತಿಮ್ಮಪ್ಪನವರಿಗೆ ಮೆಮೊ ಕೊಟ್ಟೆ, ಅದರ ಪ್ರತಿಯನ್ನು ಸರ್ಕಲ್ ಕಚೇರಿಗೂ ಕಳಿಸಿದೆ. ಅವರ ಸೆಟ್ ಕಿತ್ತುಕೊಂಡು, ಬ್ಯಾಟರಿ ಬೇರೆ ಮಾಡಿ, ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು. ಉತ್ತರ ಬರೆದುಕೊಡುವವರೆಗೆ ಠಾಣೆಯಲ್ಲೇ ಕೂರಬೇಕೆಂದು ಅವರನ್ನೂ ಬೆಟ್ಟದಿಂದ ಕೆಳಗೆ ಕರೆಸಿದೆ.

ಮೂರನೆಯ ದಿನ ಮಧ್ಯಾಹ್ನ, ಎಸ್ಟೇಟೊಂದರ ಕೂಲಿಗಳ ಲೈನ್‌ಮನೆಗಳಲ್ಲಿ ಹೊಡೆದಾಟವೆಂದು ಸುದ್ದಿ ಬಂತು. ಠಾಣೆಯಲ್ಲಿದ್ದ ಮೂವರು ಕಾನ್‌ಸ್ಟೇಬಲ್‌ಗಳನ್ನು ಗದರಿಸಿ ಜೀಪು ಹತ್ತಿಸಿದೆ. ಸುತ್ತು ದಾರಿಯಲ್ಲಿ ಮುಕ್ಕಾಲು ಗಂಟೆ, ಹಳ್ಳದ ಮರದ ಸೇತುವೆ ದಾಟಿದರೆ ಕಾಲು ಗಂಟೆ. ಸೇತುವೆಯ ಕಡೆಗೇ ಬಿಡಲು ಡ್ರೈವರಿಗೆ ಹೇಳಿದೆ. ಹಾಡಹಗಲೇ ಮಂಜು ಕವಿದು ಎದುರಿನ ತಿರುವು ಕಾಣುತ್ತಿರಲಿಲ್ಲ. ಸೇತುವೆಗೆ ಇನ್ನು ಎರಡು ತಿರುವು ಇದ್ದಾಗ ಜೀಪಿನ ಸೆಟ್ ಕರಕರ ಎಂದಿತು.

'ಸಾರ್, ಆ ದಾರಿ ಬ್ಯಾಡ. ತಿರುಗ್ಸಿ.' ಸ್ವಲ್ಪ ತಡೆದು, 'ಊಟ ಆಯ್ತಾ ಸಾರ್, ಓವರ್.'

ತಿಮ್ಮಪ್ಪನವರದೇ ಧ್ವನಿ, ಅದೇ ಸಾವಕಾಶ. ಹಿಂದೆ ಕೂತಿದ್ದವರಲ್ಲಿ ಒಬ್ಬ ಕಿಸಕ್ಕೆಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಬೀರುವಿನ ಬೀಗ ಒಡೆದು, ನಾನು ಕಿತ್ತಿಟ್ಟ ಸೆಟ್ಟಿನಲ್ಲಿ ನನಗೇ ಉಪದೇಶ! ಸೆಟ್ ಕೈಯಲ್ಲಿರುವಾಗಲೇ ಈ ಮುದುಕನನ್ನು ಹಿಡಿಯಬೇಕು, ಹೊಡೆದಾಟ ಆಮೇಲೆ ನೋಡೋಣ ಎಂದು ಜೀಪು ತಿರುಗಿಸಿದೆ. ಜವಾಬ್ದಾರಿಯುಳ್ಳ ಅಧಿಕಾರಿ ಮಾಡುವ ಕೆಲಸವೇ ಅದು? ಅಲ್ಲ. ಆದರೂ ನಾವು ಉಳಿದದ್ದು ಅದರಿಂದಲೇ.

ಠಾಣೆಯಲ್ಲಿ ತಿಮ್ಮಪ್ಪ ಬೆಂಚಿನ ಮೇಲೆ ಕೂತು ನನ್ನ ಮೆಮೊಗೆ ಉತ್ತರ ಬರೆಯುತ್ತಿದ್ದರು. ಬೀರುವಿನ ಬೀಗ ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಸೆಟ್ ಒಳಗೆ, ಬ್ಯಾಟರಿ ಅದರ ಪಕ್ಕದಲ್ಲಿ. ಅವರು ಬೆಳಗ್ಗೆಯಿಂದ ಕೂತಲ್ಲಿಂದ ಎದ್ದಿಲ್ಲ, ಠಾಣೆಯ ಸೆಟ್ಟನ್ನೂ ಮುಟ್ಟಿಲ್ಲ ಎಂದು ಅಲ್ಲಿದ್ದ ಗುಮಾಸ್ತರು ಆಣೆ ಮಾಡಿದರು. ಕಂಟ್ರೋಲ್ ರೂಮಿಗೆ ಕೇಳಿದರೆ ಆ ಹೊತ್ತಿಗೆ ಅಂಥ ಮಾತೇ ಕೇಳಿಸಿಲ್ಲವಂತೆ. ಜೀಪಿನಲ್ಲಿದ್ದ ನಾವು ಐವರೂ ಕೇಳಿದ್ದೆವು.

ನಾನಿನ್ನೂ ಕೂಗಾಡುತ್ತಿರುವಾಗಲೇ ಎಸ್ಟೇಟಿನ ಮೇಸ್ತ್ರಿಯ ಫೋನು ಬಂತು. 'ಸಾರ್, ಗಲಾಟೆ ನಾವೇ ಬಿಡ್ಸಿದ್ವಿ. ನೀವು ಸೇತುವೆ ಕಡೆ ಮಾತ್ರ ಬರ್ಬೇಡಿ ಮಾರಾಯ್ರೆ. ಬೆಳಿಗ್ಗೆ ಯಾವಾಗ್ಲೋ ಕುಸಿದು ಹೋಗ್ಯದೆ, ಈ ಮಂಜಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ.'

ಫೋನಿಟ್ಟು ತಿಮ್ಮಪ್ಪನವರನ್ನು ನೋಡಿದೆ. 'ನಾನಲ್ಲ ಸಾರ್,' ಎಂದರು. ಅವರ ಮುಖವೂ ಬಿಳಿಚಿಕೊಂಡಿತ್ತು.

ಅವರು ಬರೆದಿದ್ದ ಉತ್ತರ ಎತ್ತಿಕೊಂಡು ಓದಿದೆ. 'ಎಲ್ಲ ಸರಿ ಇದೆಯೇ ಎಂದರೆ ಸೆಟ್ಟಿನಲ್ಲಿ ಎಲ್ಲರೂ ಸರಿ ಎಂದೇ ಹೇಳುತ್ತಾರೆ. ಊಟ ಆಯಿತೇ ಎಂದರೆ ಆ ಕಡೆಯವರು ಹೇಗಿದ್ದಾರೆಂಬುದು ಉತ್ತರದಲ್ಲಿ ತಿಳಿಯುತ್ತದೆ. ತಪ್ಪಾಗಿದ್ದರೆ ಕ್ಷಮಿಸಬೇಕು.'

ಆ ಮೆಮೊ ಹಿಂದಕ್ಕೆ ಪಡೆಯಲು ನಾನು ಪಟ್ಟ ಪಾಡು ಯಾರಿಗೂ ಬೇಡ. ಏನು ಕಾರಣ ಬರೆಯಲಿ? ಅವರು ಎಚ್ಚರಿಸಿ ಐದು ಜೀವ ಉಳಿಸಿದರು ಎಂದು ಬರೆದರೆ, ಆದೇಶ ಮೀರಿ ಸೆಟ್ ಬಳಸಿದಂತಾಗುತ್ತದೆ. ಅವರು ಮಾತಾಡಿಲ್ಲ ಎಂದರೆ ಮೆಮೊ ರದ್ದು ಮಾಡಲು ಕಾರಣವೇ ಇಲ್ಲ. 'ನೀವೇ ಮಾತಾಡಿದ್ದು ಅಂತ ಒಪ್ಕೊಳ್ಳಿ, ಸೆಟ್ ನಾನೇ ಕೊಟ್ಟಿದ್ದೆ ಅಂತ ಬರೀತೀನಿ' ಎಂದು ಅಂಗಲಾಚಿದೆ.

'ಆಡದ ಮಾತನ್ನ ಹೆಂಗೆ ಒಪ್ಲಿ ಸಾರ್? ಇಷ್ಟು ವರ್ಷ ಸುಳ್ಳು ವರದಿ ಬರ್ದಿಲ್ಲ. ಹೋಗೋ ಹೊತ್ತಲ್ಲಿ ಬ್ಯಾಡ' ಎಂದರು. ನನ್ನಷ್ಟೇ ಹಟಮಾರಿ. ಸರ್ಕಲ್ ಕಚೇರಿಯಿಂದ 'ಎಚ್ಚರಿಕೆ ನೀಡಲಾಗಿದೆ' ಎಂಬ ಆದೇಶ ಬಂದೇಬಂತು. ಎಂಟು ತಿಂಗಳ ನಂತರ ತಿಮ್ಮಪ್ಪ ಆ ಒಂದೇ ಒಂದು ಕೆಂಪು ಸಾಲಿನೊಂದಿಗೆ ಮನೆಗೆ ಹೋದರು. ಆ ಸಾಲು ನನ್ನದು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ರೇಗುತ್ತದೆ.

ನನಗೂ ಒಂದು ಮೆಮೊ ಬಂತು. ಜೀಪಿನ ಲಾಗ್ ಬುಕ್ಕಿನಲ್ಲಿ ಆ ಸಂದೇಶ ದಾಖಲಿಸಿ, 'ಯಾರಿಂದ' ಎಂಬ ಕಾಲಂ ಖಾಲಿ ಬಿಟ್ಟಿದ್ದೆ. ವಾರ್ಷಿಕ ತಪಾಸಣೆಗೆ ಬಂದವರು ವಿವರಣೆ ಕೇಳಿದರು. 'ಕಣ್ತಪ್ಪು' ಎಂದು ಬರೆದುಕೊಟ್ಟೆ. ಸುಳ್ಳು ವರದಿ ಬರೆದವನು ನಾನೇ.

ಈಗಲೂ ಆಗಾಗ ಹೊಸ ಸಬ್ ಇನ್‌ಸ್ಪೆಕ್ಟರುಗಳಿಗೆ ನಾಯಕತ್ವದ ಬಗ್ಗೆ ಮಾತಾಡಲು ನನ್ನನ್ನು ಕರೆಯುತ್ತಾರೆ. ಶಿಸ್ತು, ಸಮಯಪ್ರಜ್ಞೆ ಎಂದೆಲ್ಲ ಹೇಳಿ ಬರುತ್ತೇನೆ. ಇದನ್ನು ಅಲ್ಲಿ ಹೇಳುವುದಿಲ್ಲ. ಆ ದಿನ ಫೋನಿಟ್ಟ ಮೇಲೆ ಠಾಣೆಯ ಕಿಟಕಿಯಲ್ಲಿ ನಾನು ಮೂರು ಟಿಫಿನ್ ಡಬ್ಬಿಗಳನ್ನು ನೋಡಿದೆ. ಮುಚ್ಚಳ ತೆಗೆದಿರಲಿಲ್ಲ. ನಾನು ಗದರಿಸಿ ಎಬ್ಬಿಸಿದಾಗ ಆ ಮೂವರೂ ಊಟಕ್ಕೆ ಕೂರುವವರಿದ್ದರು. ಊಟ ಆಯ್ತಾ ಎಂದು ಅವರನ್ನು ಕೇಳಬೇಕಾದವನು ನಾನು. ನನ್ನ ಬದಲಿಗೆ ಕೇಳಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.