ಮರಳದಿಬ್ಬದ ಮೂರು ಕಲ್ಲು

ಬೇಸಿಗೆಯಲ್ಲಿ ನೀರು ಇಳಿದು ನರಸೀಪುರದ ಸಂಗಮದಲ್ಲಿ ಮರಳದಿಬ್ಬ ಮೇಲೆದ್ದಾಗ ನಾನು ನಂಜನಗೂಡಿನಿಂದ ಬೆಳಗಿನ ಬಸ್ಸು ಹಿಡಿದು ಹೋಗುತ್ತಿದ್ದೆ. ಕೈಚೀಲದಲ್ಲಿ ಕ್ಯಾಮೆರಾ, ಅದರ ಮೇಲೆ ಹಳೆಯ ಟವೆಲ್ಲು. ತರಕಾರಿಗೆ ಹೋದವಳು ಹಕ್ಕಿ ತರುತ್ತಾಳೆ ಎಂದು ನಮ್ಮ ಯಜಮಾನರು ಪಕ್ಕದ ಮನೆಯವರ ಮುಂದೆ ಹಂಗಿಸುತ್ತಿದ್ದರು; ತಡೆಯುತ್ತಿರಲಿಲ್ಲ.

ಆ ಸಲ ಸಿಕ್ಕಿದ್ದು ಗುಬ್ಬಿಗಿಂತ ತುಸು ದೊಡ್ಡದಾದ, ಮರಳಿನದೇ ಬಣ್ಣದ ಪ್ಲೋವರ್ ಜೋಡಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವ ಹಕ್ಕಿ. ಪ್ಲೋವರುಗಳಲ್ಲಿ ಒಂದು ಜಾತಿ ಇನ್ನೊಂದರಂತೆಯೇ ಕಾಣುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿದೆ: ಕಣ್ಣಿನ ಸುತ್ತ ಅರಿಶಿನದ ದಾರದಂಥ ಉಂಗುರ, ಎದೆಯ ಮೇಲೆ ಎಲ್ಲೂ ಕಡಿಯದ ಕಪ್ಪು ಪಟ್ಟಿ. ಲಿಟಲ್ ರಿಂಗ್ಡ್ ಪ್ಲೋವರ್ ಎಂದು ಖಾತ್ರಿಯಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಣಗಿದ ಎಲೆ ಅಂಟಿಸಿ ಹೆಸರು ಬರೆಸುತ್ತಿದ್ದರಲ್ಲ, ಅದೇ ಸಂತೋಷ.

ಅದರ ಗೂಡೆಂದರೆ ಮರಳಿನಲ್ಲಿ ಅಂಗೈಯಷ್ಟು ತಗ್ಗು. ಒಳಗೆ ನಾಲ್ಕು ಮೊಟ್ಟೆ, ಚುಕ್ಕೆಯಿರುವ ನುಣುಪುಗಲ್ಲಿನಂತೆ. ಒಮ್ಮೆ ಕಣ್ಣು ತೆಗೆದರೆ ಮತ್ತೆ ಸಿಗುತ್ತಿರಲಿಲ್ಲ. ಗೊತ್ತಿಲ್ಲದೆ ತುಳಿದುಬಿಟ್ಟೇನು ಎಂಬ ಹೆದರಿಕೆಗೆ ಎರಡು ಮಾರು ದೂರದಲ್ಲಿ ಮೂರು ಕಲ್ಲು ಸಾಲಾಗಿ ನಿಲ್ಲಿಸಿ ಗುರುತು ಮಾಡಿದೆ. ಮರಿಗಳು ಉಳಿದು ಓಡಾಡುವುದನ್ನು ಒಂದು ಸಲ ನೋಡಿದರೆ ಸಾಕಾಗಿತ್ತು.

ನಾಲ್ಕು ದಿನ ಬಿಟ್ಟು ಹೋದಾಗ ದಿಬ್ಬದ ಮೇಲೆ ಜನ. ತಲೆ ಬೋಳಿಸಿಕೊಂಡ ಒಬ್ಬ ಗಂಡಸು, ಅವನ ಅಕ್ಕ, ನೆಂಟರ ಹೆಂಗಸರಿಬ್ಬರು. ದೇವನೂರಿನ ಕಡೆಯವರು, ತಾಯಿಯ ಬೂದಿ ಬಿಡಲು ಬಂದವರು. ನನ್ನ ಮೂರು ಕಲ್ಲಿಗೆ ಹೂವು ಏರಿಸಿ, ಮುಂದೆ ಬಾಳೆಲೆಯಲ್ಲಿ ಅನ್ನದ ಉಂಡೆ, ವಡೆ ಇಟ್ಟಿದ್ದರು. ಸತ್ತವರಿಗೆ ಎಡೆ ಇಡುವುದು ಮೂರು ಕಲ್ಲಿಗೇ. ನಮ್ಮತ್ತೆಗೆ ನಾವೂ ಹಾಗೇ ಇಟ್ಟಿದ್ದೆವು. ಗುರುತು ಮಾಡುವಾಗ ಅದು ಹೇಗೆ ನನ್ನ ನೆನಪಿಗೆ ಬರಲಿಲ್ಲವೋ.

ಪಕ್ಕದಲ್ಲೇ ಗೂಡಿದೆ, ಎಲೆಯನ್ನು ಸ್ವಲ್ಪ ಆಚೆ ಇಡಿ ಎನ್ನಲು ಹತ್ತಿರ ಹೋದೆ. ಆ ಅಕ್ಕ ಪರಿಚಯದವಳಂತೆ ನನ್ನ ಕೈ ಹಿಡಿದುಕೊಂಡಳು. ಸೋಪಾನಕಟ್ಟೆಯ ಹತ್ತಿರ ಒಂದು ಗಂಟೆ ಕಾದರೂ ಒಂದು ಕಾಗೆಯೂ ಎಡೆ ಮುಟ್ಟಲಿಲ್ಲವಂತೆ. ಕೊನೆಗಾಲದಲ್ಲಿ ನೋಡಲು ಬಾರದ ಮಗನ ಮೇಲೆ ಅವ್ವನ ಸಿಟ್ಟು ಹೋಗಿಲ್ಲ ಎಂದು ಹೆಂಗಸರು ಅವನೆದುರೇ ಅಂದರಂತೆ. ಇಲ್ಲಿ ಕಲ್ಲು ಕಂಡು, ಯಾರಿಗೋ ಕಾಗೆ ಮುಟ್ಟಿದ ಜಾಗ ಎಂದು ಎಡೆ ಎತ್ತಿಕೊಂಡು ಬಂದಿದ್ದರು. ಅವಳ ತಮ್ಮ ತಲೆ ಎತ್ತದೆ ಕೂತಿದ್ದ. ಅವನ ಕತ್ತಿನ ಹಿಂದೆ ಕ್ಷೌರದ ಕತ್ತಿ ತಾಗಿದ ಗಾಯ ಇನ್ನೂ ಹಸಿಯಾಗಿತ್ತು. ಎಲ್ಲರ ಜೊತೆ ನಾನೂ ಹಿಂದೆ ಸರಿದು ನಿಂತೆ.

ಮೊದಲು ಒಂದು ಕಾಗೆ ಬಂತು, ಆಮೇಲೆ ಐದಾರು.

"ಮುಟ್ತು ಕಣ್ಲಾ, ಅವ್ವ ಮುಟ್ತು. ಏಳ್ಲಾ ಮ್ಯಾಕೆ," ಅಂದಳು ಅಕ್ಕ. ಅವನು ಮರಳಿನಲ್ಲೇ ಕುಸಿದು ಅತ್ತ.

ಅನ್ನ ಮುಗಿಯುವ ಮೊದಲೇ ಒಂದು ಕಾಗೆ ಪಕ್ಕಕ್ಕೆ, ಗೂಡಿನ ಕಡೆ ನಡೆಯಿತು. ಪ್ಲೋವರ್ ಅದರೆದುರು ಒಂದು ರೆಕ್ಕೆ ಇಳಿಬಿಟ್ಟು, ಬಾಲ ಹರಡಿ ತೆವಳಿತು. ಗಾಯವಾದಂತೆ ನಟಿಸಿ ಶತ್ರುವನ್ನು ಮೊಟ್ಟೆಯಿಂದ ದೂರ ಎಳೆಯುವುದು ಅದರ ರೀತಿ. ಕಾಗೆ ತಿರುಗಿಯೂ ನೋಡಲಿಲ್ಲ.

"ಪಾಪ, ರೆಕ್ಕೆ ಮುರ್ದೋಗದೆ ಕಣವ್ವ ಅದ್ಕೆ," ಅಂದಳು ಅಕ್ಕ. ಆಮೇಲೆ ನನ್ನ ಕ್ಯಾಮೆರಾ ನೋಡಿ, "ಕಾಗೆ ಉಣ್ಣೋದ ಒಂದ್ ಪಟ ತೆಗೀರವ್ವ. ಊರಲ್ಲಿ ತೋರುಸ್ಬೇಕು, ಇವ್ನ ಯಾರೂ ಆಡ್ಕಬಾರ್ದು," ಎಂದು ಫೋನ್ ನಂಬರು ಹೇಳಿದಳು.

ತೆಗೆದೆ. ಮನೆಗೆ ಬಂದು ನೋಡಿದರೆ ಚಿತ್ರದ ಎಡ ಅಂಚಿನಲ್ಲಿ ಆ ಕಾಗೆಯೂ ಇತ್ತು, ಕೊಕ್ಕಿನಲ್ಲಿ ಚುಕ್ಕೆಯ ಮೊಟ್ಟೆ. ಅಷ್ಟು ಭಾಗ ಕತ್ತರಿಸಿ, ಎಲೆ ಮತ್ತು ಉಳಿದ ಕಾಗೆಗಳನ್ನು ಅವಳಿಗೆ ಕಳಿಸಿದೆ.