ನಾಲ್ಕು ಇಂಚಿನ ಗೆರೆ

ನನ್ನ ಉದ್ಯೋಗ ಅಳೆಯುವುದು. ಅಮೆರಿಕದ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ, ಗೇರಿನ ಹಲ್ಲು ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೂ ಅದನ್ನು ವಾಪಸ್ ಕಳಿಸಿ ಎಲ್ಲರ ಕೈಲಿ ಬೈಸಿಕೊಳ್ಳುವವನು ನಾನು. ಇದರಿಂದ ಸಂಬಳದ ಜೊತೆಗೆ ಒಂದು ಕೆಟ್ಟ ಸ್ವಭಾವವೂ ಅಂಟಿಕೊಂಡಿದೆ. ಯಾರಾದರೂ ‘ಸುಮಾರಾಗಿ’ ಎಂದರೆ ಮೈ ಉರಿಯುತ್ತದೆ. ಮನೆಗೆ ಬೇಲಿ ಹಾಕಿಸುವಾಗ ಕೆಲಸದವರ ಕೈಯಿಂದ ಟೇಪು ಕಿತ್ತುಕೊಂಡು ನಾನೇ ಮೂರು ಸಲ ಅಳೆದೆ. ಪಕ್ಕದ ಮನೆಯ ಹಿರಿಯರು ಕಾಫಿ ಮಗ್ ಹಿಡಿದು ನಿಂತು ಅದನ್ನೆಲ್ಲ ನೋಡಿದರು. ನಿನ್ನಂಥವನೊಬ್ಬ ನಮಗೆ ಬೇಕಾಗಿತ್ತು ಎಂದರು. ನಾನು ಫುಟ್‌ಬಾಲ್ ಮೈದಾನಕ್ಕೆ ಕಾಲಿಟ್ಟದ್ದು ಹೀಗೆ.

ಫುಟ್‌ಬಾಲ್ ಎಂದರೆ ಅಮೆರಿಕದ್ದು, ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. ನಮ್ಮ ಮನೆಯಿಂದ ಹೈವೇಯಲ್ಲಿ ಎರಡು ಎಕ್ಸಿಟ್ ಆಚೆ ಒಂದು ಸಣ್ಣ ಕಾಲೇಜಿದೆ, ಅದಕ್ಕೊಂದು ಹಳೆಯ ತಂಡವಿದೆ. ಆಟದ ಸಾರ ಇಷ್ಟು: ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಪ್ರಯತ್ನ, ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಹೋಗದಿದ್ದರೆ ಚೆಂಡು ಎದುರಾಳಿಗೆ. ಇಂಥ ಸಣ್ಣ ಕಾಲೇಜುಗಳಲ್ಲಿ ಆ ಹತ್ತು ಗಜ ಅಳೆಯುವುದಕ್ಕೆ ಇಂದಿಗೂ ಎರಡು ಕೋಲು, ನಡುವೆ ಒಂದು ಸರಪಳಿ. ಅದನ್ನು ಹಿಡಿದು ಮೈದಾನದ ಅಂಚಿನಲ್ಲಿ ಓಡಾಡುವವರು ಊರಿನ ಬಿಟ್ಟಿ ಕೆಲಸಗಾರರು.

ನನ್ನ ಪಾಲಿಗೆ ಬಂದದ್ದು ಕ್ಲಿಪ್. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ, ಗೆರೆಯ ಅಗಲ ನಾಲ್ಕು ಇಂಚು. ಸರಪಳಿ ಹಾಸಿದೊಡನೆ, ಹಿಂದಿನ ಕೋಲಿಗೆ ಹತ್ತಿರದ ಗೆರೆಯ ಹಿಂದಿನ ಅಂಚು, ಅಂದರೆ ತಂಡ ಬಂದ ಕಡೆಯ ಅಂಚು, ಯಾವ ಕೊಂಡಿಯ ನೇರಕ್ಕೆ ಬರುತ್ತದೋ ಅಲ್ಲಿ ನಾನು ಕ್ಲಿಪ್ ಕಚ್ಚಿಸಬೇಕು. ಮುಂದೆ ಅನುಮಾನ ಬಂದಾಗ ಸರಪಳಿಯನ್ನು ಮೈದಾನದೊಳಗೆ ಒಯ್ದು, ಕ್ಲಿಪ್ಪನ್ನು ಅದೇ ಗೆರೆಯ ಅದೇ ಅಂಚಿಗೆ ಇಟ್ಟು ಎಳೆದರೆ, ಹತ್ತು ಗಜ ಎಲ್ಲಿಗೆ ಮುಗಿಯಿತೆಂದು ತಿಳಿಯುತ್ತದೆ. ಅಂಚು ತಪ್ಪಿದರೆ ಅಳತೆ ನಾಲ್ಕು ಇಂಚು ತಪ್ಪುತ್ತದೆ. ಮೈಕ್ರಾನುಗಳಲ್ಲಿ ಮುಳುಗೇಳುವವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಪಕ್ಕದ ಮನೆಯ ಆ ಹಿರಿಯರೇ ನಮ್ಮ ಚೈನ್ ತಂಡದ ಮುಖ್ಯಸ್ಥರು. ಮನಸ್ಸಿನಲ್ಲಿ ನಾನು ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದೆ. ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು, ಮುಂದಿನ ಕೋಲು ಯಾವಾಗಲೂ ಅವರದೇ. ಅವರ ನಿಯಮ ಒಂದೇ: ಸರಪಳಿ ಹಿಡಿದವನಿಗೆ ತಂಡವಿಲ್ಲ. ಚಪ್ಪಾಳೆ ತಟ್ಟಬಾರದು, ನಗಬಾರದು, ಮುಖ ಸಪ್ಪೆ ಕೂಡ ಮಾಡಬಾರದು. ಮೊದಲ ವರ್ಷ ನಮ್ಮವರ ಒಂದು ಒಳ್ಳೆಯ ಓಟಕ್ಕೆ ನಾನು ಚಪ್ಪಾಳೆ ತಟ್ಟಿ, ಎಲ್ಲರೆದುರು ಬೈಸಿಕೊಂಡಿದ್ದೆ. ಆ ಶಿಸ್ತು ನನಗೆ ಬಹಳ ಹಿಡಿಸಿತು. ಆಫೀಸಿನಲ್ಲಿ ನನ್ನ ಮೇಲಿನವರಿಗೂ ಇಷ್ಟು ನಿಯತ್ತು ಇರಲಿಲ್ಲ.

ತಂಡದ ಚರಿತ್ರೆ ನನಗೆ ಅವರ ಬಾಯಿಂದಲೇ ಬಂದದ್ದು. ರೈತರ ಮಕ್ಕಳು ಆಲೂಗಡ್ಡೆ ಕಿತ್ತ ಹೊಲದಲ್ಲಿ ಶುರು ಮಾಡಿದ ಆಟವಂತೆ. ಯುದ್ಧಕಾಲದಲ್ಲಿ ಆಡುವ ಹುಡುಗರೇ ಇಲ್ಲದೆ ನಿಂತುಹೋಗಿ, ಆಮೇಲೆ ಹಿಂದಿರುಗಿದವರು ಸೈನ್ಯದ ಬೂಟುಗಳಲ್ಲೇ ಮತ್ತೆ ಶುರು ಮಾಡಿದರಂತೆ. ಒಂದು ಪಂದ್ಯವನ್ನೂ ಗೆಲ್ಲದ ವರ್ಷಗಳಿದ್ದವು. ಇಲ್ಲಿ ಆಡಿದವರು ಟೀವಿಯಲ್ಲಿ ಬರಲಿಲ್ಲ. ಮೇಷ್ಟ್ರಾದರು, ಕಾರ್ಖಾನೆ ಸೇರಿದರು, ಸುತ್ತಲಿನ ಹೈಸ್ಕೂಲುಗಳಲ್ಲಿ ಕೋಚ್‌ಗಳಾದರು. ಲೀಗ್ ಚಾಂಪಿಯನ್ ಆದದ್ದು ಒಂದೇ ಒಂದು ಸಲ. ಪತ್ರಕರ್ತರು ಕೂರುವ ಕಟ್ಟಡದ ಗೋಡೆಯ ಮೇಲೆ ಆ ವರ್ಷವನ್ನು ಆಳೆತ್ತರದ ಅಂಕಿಗಳಲ್ಲಿ ಬರೆದಿದ್ದಾರೆ. ಅದರ ಕೆಳಗೆ ಇನ್ನೊಂದು ವರ್ಷಕ್ಕೆಂದು ಜಾಗ ಬಿಟ್ಟಿದ್ದಾರೆ. ಗೋಡೆಗೆ ಎಷ್ಟು ಸಲ ಬಣ್ಣ ಬಳಿದರೂ ಆ ಜಾಗ ಹಾಗೇ ಇದೆ. ಆ ಒಂದು ವರ್ಷದ ತಂಡದಲ್ಲಿ ಆಡಿದವರಲ್ಲಿ ಬದುಕಿರುವವರು ಬೆರಳೆಣಿಕೆಯಷ್ಟು, ಯಜಮಾನರು ಅವರಲ್ಲೊಬ್ಬರು.

ನಾನು ಸೇರಿದ ಕೆಲವು ವರ್ಷಗಳ ಮೇಲೆ ಅವರಿಗೆ ಹೃದಯದ ಆಪರೇಷನ್ ಆಯಿತು. ಕೋಲು ಹಿಡಿದು ಓಡುವುದು ಇದೇ ಕೊನೆಯ ಸೀಸನ್ ಎಂದು ಡಾಕ್ಟರು ಹೇಳಿದ್ದರು. ನಮ್ಮ ತಂಡ ಅದೇ ವರ್ಷ, ಯಾರೂ ನಿರೀಕ್ಷಿಸದೆ, ಗೆಲ್ಲುತ್ತಾ ಬಂತು. ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಶಿಕಾಗೋ ಕಡೆಯ ಒಂದು ಕಾಲೇಜಿನ ಮೇಲೆ. ಗೆದ್ದವರಿಗೆ ಲೀಗ್. ಬೇಲಿಯ ಆಚೆಯಿಂದ ಯಜಮಾನರು ಒಮ್ಮೆ ಮಾತ್ರ ಬಾಯಿ ಬಿಟ್ಟರು: ಆ ಗೋಡೆಯ ಮೇಲೆ ಎರಡನೆಯ ವರ್ಷ ನೋಡಿ ಸಾಯಬೇಕು ಅಂತ ಆಸೆ.

ಪಂದ್ಯವಿದ್ದ ಶನಿವಾರ ನಾವು ಹೆಂಡತಿಯ ಅಕ್ಕನ ಮನೆಯವರೊಂದಿಗೆ ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋಗಬೇಕಾಗಿತ್ತು. ಅವರು ಅದೇ ಕಡೆ ಸ್ಕೋಕಿಯಲ್ಲಿರುವವರು, ತಿಂಗಳ ಮೊದಲೇ ಹೇಳಿಟ್ಟಿದ್ದರು. ನಾನು ಬರುವುದಿಲ್ಲ ಎಂದೆ. ಸಂಬಳವಿಲ್ಲದ ಕೆಲಸದ ಮೇಲಿರುವ ಈ ಭಕ್ತಿ ದೇವರ ಮೇಲಿದ್ದಿದ್ದರೆ ಎಂದು ಹೆಂಡತಿ ಚುಚ್ಚಿದಳು. ಕೊನೆಗೆ ಅವಳೂ ಹೋಗಲಿಲ್ಲ. ಮೂವತ್ತೊಂದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಎರಡು ಶಾಲು ಹೊದ್ದು, ಫ್ಲಾಸ್ಕ್ ಹಿಡಿದು, ಎದುರುಗಡೆಯ ಸ್ಟ್ಯಾಂಡಿನಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತಳು.

ಚೈನ್ ತಂಡ ನಿಲ್ಲುವುದು ಎದುರಾಳಿಗಳ ಬೆಂಚಿನ ಕಡೆ. ನಮ್ಮ ಕಣ್ಣೆದುರಿಗೆ ಮೈದಾನ, ಅದರಾಚೆ ಆ ಗೋಡೆ. ಆಟಕ್ಕೆ ನಾಲ್ಕು ಕ್ವಾರ್ಟರು, ಮೂರನೆಯದರಲ್ಲಿ ನಮ್ಮವರು ಎಡಕ್ಕೆ ಸಾಗುತ್ತಿದ್ದರು. ಕೊನೆಯ ಕ್ವಾರ್ಟರಿನಲ್ಲಿ ನಿಯಮದಂತೆ ದಿಕ್ಕು ಬದಲಾಗಿ ಬಲಕ್ಕೆ ಹೊರಟರು. ಮೂರು ಅಂಕ ಮುಂದಿದ್ದರು. ಮೈದಾನದ ನಡುಭಾಗದ ಹತ್ತಿರ ನಮ್ಮವನೊಬ್ಬ ನಾಲ್ಕು ಜನರನ್ನು ಕೆಡವಿಕೊಂಡು ಓಡಿದ. ಇಡೀ ಸ್ಟ್ಯಾಂಡು ಎದ್ದು ನಿಂತಿತು. ನಾವು ಸರಪಳಿ ಹೊತ್ತು ಓಡಿ ಹೊಸ ಜಾಗದಲ್ಲಿ ಹಾಸಿದೆವು. ನಾನು ಕುಕ್ಕರಗಾಲಿನಲ್ಲಿ ಕುಳಿತು ಕ್ಲಿಪ್ ಹಾಕಿದೆ. ಕೈ ಕ್ಲಿಪ್ಪಿನ ಮೇಲಿತ್ತು, ಕಣ್ಣು ಗೋಡೆಯ ಖಾಲಿ ಜಾಗದ ಮೇಲಿತ್ತು. ಚಪ್ಪಾಳೆ ತಟ್ಟಲಿಲ್ಲ, ಅಷ್ಟೇ. ಒಳಗೆಲ್ಲ ತಟ್ಟುತ್ತಿದ್ದೆ.

ಮೂರು ಪ್ರಯತ್ನ ಮುಗಿದರೂ ಹತ್ತು ಗಜ ಆಗಲಿಲ್ಲ. ಚೂರು ಉಳಿದಿತ್ತು. ಮೂರು ನಿಮಿಷದ ಆಟ ಬಾಕಿ. ಒದ್ದು ಚೆಂಡನ್ನು ದೂರ ಕಳಿಸುವುದು ಜಾಣತನ, ಆದರೆ ನಮ್ಮ ಕೋಚ್ ನಾಲ್ಕನೆಯ ಪ್ರಯತ್ನಕ್ಕೂ ಓಡಿಸಿದ. ರಾಶಿ ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ರೆಫರಿ ಚೆಂಡು ಇಟ್ಟ. ಆಗಿದೆಯೋ ಇಲ್ಲವೋ ಕಣ್ಣಿಗೆ ತಿಳಿಯಲಿಲ್ಲ. ಅಳೆಯಿರಿ ಎಂದು ಕೈ ಬೀಸಿದ.

ನಾವು ಒಳಗೆ ನಡೆದೆವು. ಗೆರೆಯ ಹಿಂದಿನ ಅಂಚಿಗೆ, ಈಗ ಅದು ಎಡಗಡೆಯ ಅಂಚು, ನಾನು ಕ್ಲಿಪ್ಪನ್ನು ಒತ್ತಿ ಹಿಡಿದೆ. ಯಜಮಾನರು ಮುಂದಿನ ಕೋಲು ಎಳೆದರು. ಸರಪಳಿ ಬಿಗಿಯಾಯಿತು. ರೆಫರಿ ಬಗ್ಗಿ ನೋಡಿದ. ಚೆಂಡಿನ ಮೂತಿ ಕೋಲನ್ನು ಎರಡು ಬೆರಳು ದಾಟಿತ್ತು. ಹತ್ತು ಗಜ ಆಯಿತೆಂದು ಅವನು ಕೈ ಮುಂದೆ ಮಾಡಿದ, ಸ್ಟ್ಯಾಂಡು ಭೋರ್ಗರೆಯಿತು. ಇನ್ನು ಗಡಿಯಾರ ಓಡಿಸಿದರೆ ಸಾಕು, ಲೀಗ್ ನಮ್ಮದು.

ಕ್ಲಿಪ್ಪನ್ನು ನೆಲದಿಂದ ಎತ್ತುವಾಗ ಅದನ್ನು ಹಾಕಿದ ಗಳಿಗೆ ನೆನಪಾಯಿತು. ಅಂಚಿನಲ್ಲಿ ಕುಕ್ಕರಿಸಿ ಕ್ಲಿಪ್ ಹಾಕಿದಾಗ ನನ್ನ ಹೆಬ್ಬೆರಳು ಗೆರೆಯ ಬಲ ಅಂಚಿನಲ್ಲಿತ್ತು. ಮೂರನೆಯ ಕ್ವಾರ್ಟರಿನಲ್ಲಿ, ಎಡಕ್ಕೆ ಸಾಗುವಾಗ, ಹಿಂದಿನ ಅಂಚು ಬಲದ್ದೇ. ದಿಕ್ಕು ಬದಲಾದ ಮೇಲೂ ಕೈ ಹಳೆಯ ರೂಢಿಯಂತೆ ಅಲ್ಲಿಗೇ ಹೋಗಿತ್ತು. ಬಲಕ್ಕೆ ಹಾಕಿದ್ದನ್ನು ಎಡಕ್ಕೆ ಇಟ್ಟು ಎಳೆದಿದ್ದೆ. ಇಡೀ ಸರಪಳಿ ನಾಲ್ಕು ಇಂಚು ಹಿಂದೆ ಬಿದ್ದಿತ್ತು. ಎರಡು ಬೆರಳು ದಾಟಿದ ಚೆಂಡು ನಿಜವಾಗಿ ದಾಟಿಯೇ ಇರಲಿಲ್ಲ.

ಮೈದಾನದ ನಡುವಿನಿಂದ ಅಂಚಿಗೆ ಇಪ್ಪತ್ತೈದು ಹೆಜ್ಜೆ. ಅಲ್ಲಿ ತಲುಪಿ ಕ್ಲಿಪ್ ಬಿಚ್ಚಿ ಹೊಸ ಜಾಗಕ್ಕೆ ಹಾಕಿದರೆ ಮುಗಿಯಿತು, ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಮುಂದಿನ ಪ್ರಯತ್ನ ಶುರುವಾದ ಮೇಲೆ ಹಿಂದಿನದನ್ನು ತಿದ್ದುವಂತಿಲ್ಲ ಎಂದು ರೆಫರಿ ಬೆಳಿಗ್ಗೆಯೇ ಹೇಳಿದ್ದ. ನಾನು ನಡೆಯುತ್ತಾ ಏನೇನೋ ವಾದ ಹೂಡಿದೆ. ರೆಫರಿ ಚೆಂಡು ಇಟ್ಟದ್ದೇ ಒಂದು ಅಂದಾಜು. ರಾಶಿ ಬಿದ್ದ ಇಪ್ಪತ್ತು ಜನರ ಕೆಳಗೆ ಚೆಂಡು ಎಲ್ಲಿ ನಿಂತಿತೆಂದು ದೇವರಿಗೂ ಗೊತ್ತಿರಲಿಕ್ಕಿಲ್ಲ. ಅಂಥದರಲ್ಲಿ ನನ್ನ ನಾಲ್ಕು ಇಂಚು ಯಾವ ಲೆಕ್ಕ? ‘ಸುಮಾರಾಗಿ’ ಸರಿಯಾಗಿದೆಯಲ್ಲ. ಆ ಮಾತು ನನ್ನ ಬಾಯಿಗೇ ಬಂದದ್ದು ಕಂಡು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಭಯವೂ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ಸ್ಟ್ಯಾಂಡಿನಲ್ಲಿ ಒಬ್ಬ ಕಂದು ಬಣ್ಣದವನ ಮಾತಿನಿಂದ ಪಂದ್ಯ ಹೋದರೆ ಜನ ಏನೆನ್ನುತ್ತಾರೋ ಎಂಬ ಭಯ.

ಯಜಮಾನರ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣು ಸೇರಿದ ಕೂಡಲೇ ಮುಖ ತಿರುಗಿಸಿ ಗೋಡೆಯ ಕಡೆ ನೋಡಿದರು. ಅಂಚಿಗೆ ಬಂದೆವು. ಬಿಚ್ಚು ಎಂದರು, ನನ್ನ ಕಡೆ ತಿರುಗದೆ.

ನಾನು ಬಿಚ್ಚಲಿಲ್ಲ. ಅಂಚಿನಲ್ಲಿದ್ದ ಸಹಾಯಕ ರೆಫರಿಯ ಕಡೆ ಹೋಗಿ, ನನ್ನ ಕ್ಲಿಪ್ ತಪ್ಪು ಅಂಚಿನಲ್ಲಿದೆ ಎಂದೆ. ಅವನಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಸೀಟಿ ಊದಿದ. ರೆಫರಿ ಓಡಿ ಬಂದು, ಖಂಡಿತವಾ ಎಂದು ನನ್ನ ಮುಖಕ್ಕೆ ಮುಖವಿಟ್ಟು ಕೇಳಿದ. ಖಂಡಿತ ಎಂದೆ.

ಸರಪಳಿ ಮತ್ತೆ ಒಳಗೆ ಹೋಯಿತು. ಕ್ಲಿಪ್ ಈ ಸಲ, ಅದನ್ನು ಹಾಕಿದ್ದ ಬಲ ಅಂಚಿಗೆ. ಚೆಂಡು ಕೋಲಿಗಿಂತ ಮೂರು ಬೆರಳು ಹಿಂದೆ ನಿಂತಿತು. ಚೆಂಡು ಶಿಕಾಗೋದವರ ಪಾಲಾಯಿತು. ಕೂಗಾಟ, ಬೈಗುಳ, ಯಾರೋ ಎಸೆದ ಖಾಲಿ ಕಪ್ ಒಂದು ಹುಲ್ಲಿನ ಮೇಲೆ ಉರುಳಿತು. ನಮ್ಮ ಕೋಚ್ ಮೈದಾನದ ಆಚೆಯಿಂದ ಎರಡೂ ಕೈ ಚಾಚಿ ನನ್ನ ಕಡೆಗೇ ನೋಡುತ್ತಾ ನಿಂತ. ಉಳಿದ ನಿಮಿಷಗಳಲ್ಲಿ ಪ್ರತಿ ಸಲ ಕ್ಲಿಪ್ ಹಾಕುವಾಗಲೂ ಅಂಚನ್ನು ಎರಡೆರಡು ಸಲ ನೋಡಿದೆ, ಬೆರಳು ಮರಗಟ್ಟಿ ಕ್ಲಿಪ್ಪಿನ ಬಾಯಿ ತೆರೆಯುತ್ತಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್ ಉಳಿದಿದ್ದಾಗ ಶಿಕಾಗೋದವರು ನಮ್ಮ ಕೊನೆಯ ಗೆರೆ ದಾಟಿ ಪಂದ್ಯ ಗೆದ್ದರು.

ಸರಪಳಿ ಸುತ್ತಿ ಚೀಲಕ್ಕೆ ಹಾಕಿದೆವು. ಪಾರ್ಕಿಂಗಿನಲ್ಲಿ ಹೆಂಡತಿ ಕಾರಿನ ಹೀಟರ್ ಹಾಕಿಕೊಂಡು ಕುಳಿತಿದ್ದಳು. ನಾನು ಹತ್ತಿ ಕುಳಿತೊಡನೆ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟಳು.

“ಹಿಂದೆ ಕೂತಿದ್ದೋರು ನಿಮ್ಮನ್ನ ಏನೇನ್ ಅಂದ್ರು ಗೊತ್ತಾ? ನಾನು ನಿಮ್ ಹೆಂಡ್ತಿ ಅಂತ ಹೇಳಿ, ತಿರುಗಿ ಕೂತೆ. ಆಮೇಲೆ ಸುಮ್ನಾದ್ರು,” ಎಂದಳು.

ಅಷ್ಟರಲ್ಲಿ ಯಜಮಾನರು ಕಾರುಗಳ ನಡುವೆ ನಿಧಾನವಾಗಿ ಬಂದು ನನ್ನ ಪಕ್ಕದ ಕಿಟಕಿ ತಟ್ಟಿದರು. ಕ್ಷಮೆ ಕೇಳಬೇಕೆಂದು ಗಾಜು ಇಳಿಸಿದೆ. ನನಗಿಂತ ಮೊದಲು ಅವರೇ ಇಂಗ್ಲಿಷಿನಲ್ಲಿ ಶುರು ಮಾಡಿದರು.

“ನೀನು ಕ್ಲಿಪ್ ಹಾಕ್ದಾಗಲೇ ನೋಡಿದ್ದೆ. ತಪ್ಪು ಅಂಚು ಅಂತ ಆಗಲೇ ಗೊತ್ತಿತ್ತು. ಅಳೆಯೋ ಹೊತ್ತು ಬರಲ್ಲ ಅಂದ್ಕೊಂಡೆ. ಬಂದಾಗಲೂ ಬಾಯಿ ಬಿಡಲಿಲ್ಲ.”

ನನಗೆ ಸಿಟ್ಟು ಬಂತು. ಇಪ್ಪತ್ತೈದು ಹೆಜ್ಜೆ ನನ್ನೊಬ್ಬನನ್ನೇ ಆ ಭಾರ ಹೊರಲು ಬಿಟ್ಟವರು ಇವರು. ಸರಪಳಿ ಹಿಡಿದವನಿಗೆ ತಂಡವಿಲ್ಲ ಎಂದು ಒಂದು ಚಪ್ಪಾಳೆಗೆ ನನ್ನನ್ನು ಎಲ್ಲರೆದುರು ಬೈದವರೂ ಇವರೇ. ಆ ಮಾತು ತುಟಿಯವರೆಗೆ ಬಂತು. ಆದರೆ ಎದುರಿಗಿದ್ದ ಮುಖ ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ಮುದಿಯಾಗಿತ್ತು. ಕಿಟಕಿಯ ಅಂಚು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು.

“ನೀನು ಆಗ ನನ್ನ ಮುಖ ನೋಡಿದೆಯಲ್ಲ. ಏನು ಕಾಣಿಸ್ತು?” ಎಂದು ಕೇಳಿದರು.

ಕಂಡದ್ದೆಲ್ಲ ಕಂಡಿತ್ತು. ಹೆಂಡತಿ ನನ್ನ ತೋಳನ್ನು ಮೆಲ್ಲಗೆ ಒತ್ತಿದಳು.

“ನೀವೇ ಹೇಳೋಕ್ ಹೊರಟಿದ್ರಿ. ನಾನು ಮೊದಲು ಹೇಳ್ಬಿಟ್ಟೆ, ಅಷ್ಟೆ,” ಎಂದೆ.

ಆ ಮಾತನ್ನು ಅವರು ನಂಬಲಿಲ್ಲ, ನಂಬಲಿಲ್ಲವೆಂದು ನನಗೂ ತಿಳಿಯಿತು. ಆದರೂ ತಲೆಯಾಡಿಸಿ, ಥ್ಯಾಂಕ್ಸ್ ಎಂದು ಹೇಳಿ, ಕಿಟಕಿಯಿಂದ ಕೈ ತೆಗೆದರು.